ಗೊತ್ತಾಗದ ದಮ್ಮು

ಬೆಂಗೇರಿ, ಹುಬ್ಬಳ್ಳಿ
೨೧ ಜನವರಿ ೨೦೨೫

ಪ್ರೀತಿಯ ಸ್ನೇಹಲ್ ಅಕ್ಕನವರಿಗೆ,

ಸಪ್ರೇಮ ಜೈ ಭೀಮ್. ಬೆಳಗಾವಿಯ ಥಂಡಿಯಲ್ಲಿ ನಿಮ್ಮ ಮೊಣಕಾಲು ನೋವು ಹೇಗಿದೆ? ನೀವು ಕಳಿಸಿದ ಕುಂದಾ ಬಂತು, ತಿಂದೂ ಮುಗಿಯಿತು, ಆದರೆ ಮುಟ್ಟಿತೆಂದು ಒಂದು ಮಾತು ತಿಳಿಸಲಿಲ್ಲ. ಬೈದುಕೊಳ್ಳಬೇಡಿ. ಫೋನ್ ಇರುವಾಗ ಇವಳಿಗೆ ಕಾಗದದ ಹುಚ್ಚೇಕೆ ಎನ್ನುತ್ತೀರೇನೋ. ನಾನು ಫೋನ್ ಹಿಡಿದರೆ ಸಾಕು, ನಿಮ್ಮ ತಮ್ಮ ಪಕ್ಕದಲ್ಲೇ ಬಂದು ಕೂರುತ್ತಾರೆ. "ಇಲ್ಲಿ ಕೊಡು, ಅಕ್ಕನ ಕೂಡ ನಾ ಮಾತಾಡ್ತೇನಿ" ಎಂದು ಕಸಿದುಕೊಂಡು ನಗೆಯಾಡಿ ಮುಗಿಸಿಬಿಡುತ್ತಾರೆ. ಹಾಗಾಗಿ ಶಾಲೆಯ ಸ್ಟಾಫ್ ರೂಮಿನಲ್ಲಿ ಮಕ್ಕಳ ಉತ್ತರಪತ್ರಿಕೆಗಳನ್ನು ಬದಿಗೆ ಸರಿಸಿ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಸೋದರಳಿಯ ಪ್ರಬುದ್ಧ ಪಿಯುಸಿ ಪರೀಕ್ಷೆಗೆ ಓದುತ್ತಿದ್ದಾನೆ, ಅಂದರೆ ಪುಸ್ತಕ ತೆರೆದಿಟ್ಟು ನಿದ್ದೆ ಮಾಡುತ್ತಿದ್ದಾನೆ. ಅತ್ತೆಯವರು ಗಟ್ಟಿಯಾಗಿದ್ದಾರೆ. ನನ್ನ ಚಿಂತೆಯೆಲ್ಲ ನಿಮ್ಮ ತಮ್ಮನದು.

ಅವರಿಗೆ ಚಿಕ್ಕಂದಿನಿಂದ ಅಸ್ತಮಾ ಇರುವುದು ನಿಮಗೆ ಗೊತ್ತೇ ಇದೆ. ಎದೆ ಸೊಂಯ್ ಎಂದರೆ ದಮ್ಮು, ಸದ್ದಿಲ್ಲದಿದ್ದರೆ ಆರಾಮ, ಇದು ನಮ್ಮ ಮನೆಯ ಲೆಕ್ಕ. ಎರಡು ಚಳಿಗಾಲದಿಂದ ಆ ಸದ್ದು ಕೇಳಿರಲಿಲ್ಲ. ಬುದ್ಧ ವಿಹಾರದಲ್ಲಿ ಧ್ಯಾನ ಹೇಳಿಕೊಡಲು ಶುರು ಮಾಡಿದ ಮೇಲೆ ರೋಗವೇ ಹೋಯಿತೆಂದು ನಾನೂ ನಂಬಿ, ನೆರೆಯವರ ಮುಂದೆ ಹೇಳಿಕೊಂಡು ತಿರುಗಿದೆ.

ಈ ತಿಂಗಳ ಮೊದಲ ಭಾನುವಾರ ವಿಹಾರಕ್ಕೆ ಚಹಾದ ಕಿಟ್ಲಿ ತೆಗೆದುಕೊಂಡು ಹೋದೆ. ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು. ಇವರು ಮುಂದೆ ಕೂತು, "ಉಸಿರು ಹ್ಯಾಂಗ ಬರ್ತೇತಿ, ಹಂಗ ನೋಡ್ರಿ. ತಿದ್ದಾಕ ಹೋಗಬ್ಯಾಡ್ರಿ" ಎನ್ನುತ್ತಿದ್ದರು. ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದರು. ಗಾಂಭೀರ್ಯಕ್ಕೆ ನಿಲ್ಲುತ್ತಿದ್ದಾರೆ ಎಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಉಸಿರಿಗೂ ಕುತ್ತಿಗೆಯ ಗುಂಡಿ ಒಳಗೆ ಸೇದಿಹೋಗುತ್ತಿತ್ತು. ತುಟಿ ಕಪ್ಪಿಟ್ಟಿತ್ತು.

"ಏನಾಗೇತ್ರಿ ನಿಮಗ?" ಎಂದೆ.

"ಏನಾಗೇತಿ? ಏನಿಲ್ಲ. ಛಲೋ ಅದೇನಿ. ಚಹಾ ಇಡು" ಎಂದರು. ಅಷ್ಟು ಹೇಳಲು ನಾಲ್ಕು ಸಲ ಉಸಿರೆಳೆದರು.

ಕಲ್ಲೇಶ ಎಂದು ವಿಹಾರಕ್ಕೆ ಬರುವವನೊಬ್ಬನಿದ್ದಾನೆ, ಆಟೋ ಓಡಿಸುತ್ತಾನೆ. ಅವನೂ ನಾನೂ ಕೂಡಿ, ಬೇಡ ಬೇಡ ಎನ್ನುವವರನ್ನು ಎತ್ತಿಕೊಂಡಂತೆಯೇ ಆಸ್ಪತ್ರೆಗೆ ಒಯ್ದೆವು. ಡಾಕ್ಟರ್ ಆಶಿಷ್ ಮಾಸ್ಕ್ ಹಾಕಿ, ಸೂಜಿ ಕೊಟ್ಟು, ಸ್ವಲ್ಪ ಸುಧಾರಿಸಿದ ಮೇಲೆ ಉಸಿರಿನ ಬಲ ಅಳೆಯುವ ಒಂದು ಕೊಳವೆಯಲ್ಲಿ ಊದಿಸಿದರು. ಅದರ ಮುಳ್ಳು ಕೆಂಪು ಪಟ್ಟಿ ಬಿಟ್ಟು ಮೇಲೇರಲಿಲ್ಲ. "ಸರ್, ದಮ್ಮು ಹತ್ತೇತಿ ಅನಸ್ತೇತೇನ್ರಿ?" ಎಂದು ಕೇಳಿದರೆ ಇವರು, "ಇಲ್ರಿ, ಮನಿಗೆ ಹೋಗ್ಲಿ?" ಎನ್ನಬೇಕೇ!

ಡಾಕ್ಟರ್ ನನ್ನನ್ನು ಹೊರಗೆ ಕರೆದು ಹೇಳಿದರು: "ಅಕ್ಕಾರ, ಕೆಲವರಿಗೆ ಶ್ವಾಸನಾಳ ಸಣ್ಣ ಆಗಿದ್ದು ಗೊತ್ತಾಗೂದ ಇಲ್ರಿ. ಎದಿಯಾಗ ಗಾಳಿ ಓಡಾಡೂದು ಕಡಿಮಿ ಆತಂದ್ರ ಸೊಂಯ್ ಅನ್ನೂ ಸಪ್ಪಳಾನೂ ನಿಂತುಬಿಡ್ತೇತಿ. ದಮ್ಮು ಗೊತ್ತಾಗೂ ಮಂದಿ ಅಂಜಿ ಓಡಿ ಬರ್ತಾರ. ಗೊತ್ತಾಗದವರು ಬರೂದ್ರಾಗ ಹೊತ್ತು ಮೀರಿರ್ತೇತಿ." ಊರಿಗೆಲ್ಲ ಉಸಿರು ನೋಡಲು ಕಲಿಸುವ ಮನುಷ್ಯನಿಗೆ ತನ್ನ ಉಸಿರು ಕಾಣಿಸಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗಾಯಿತು.

ದಿನಕ್ಕೆರಡು ಸಲ ಇನ್‌ಹೇಲರ್ ಪಂಪ್ ಎಳೆಯಬೇಕು, ಆರಾಮ ಅನಿಸಿದರೂ ಬಿಡಬಾರದು, ಮೈ ಹೇಳುವುದನ್ನು ನಂಬದೆ ಮುಳ್ಳು ಹೇಳುವುದನ್ನು ನಂಬಬೇಕು ಎಂದು ಹೇಳಿ ಆ ಕೊಳವೆಯನ್ನೂ ಮನೆಗೆ ಕೊಟ್ಟು ಕಳಿಸಿದರು. ಇವರು ಒಂದು ವಾರ ಎಳೆದರು, ಬಿಟ್ಟರು. ಕೊಳವೆ ಕೆಟ್ಟಿದೆಯಂತೆ. ಕೆಟ್ಟಿಲ್ಲವೆಂದು ತೋರಿಸಲು ಅತ್ತೆಯವರ ಕೈಗೆ ಕೊಟ್ಟೆ. ನಿಮ್ಮವ್ವ ಎಂಥವರೆಂದು ಗೊತ್ತಲ್ಲ, ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ "ಯವ್ವಾ, ದಮ್ಮು ಹತ್ತಿ ಜೀವ ಹೋತು" ಎಂದು ಕಿಟಕಿಗೆ ಓಡುವವರು. ಅವರು ಊದಿದರೆ ಮುಳ್ಳು ಮಗನಿಗಿಂತ ಎಷ್ಟೋ ಮೇಲೆ ಹೋಗಿ ನಿಂತಿತು! ಪ್ರಬುದ್ಧ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಈಗ ನನ್ನ ಬದುಕು ಹೀಗಾಗಿದೆ ಅಕ್ಕಾ. ಅವರು ಪೇಪರ್ ಓದಿ ಹೇಳುವಾಗ ಸುದ್ದಿ ಕೇಳುವುದಿಲ್ಲ, ಎಲ್ಲಿ ಉಸಿರಿಗೆ ನಿಲ್ಲುತ್ತಾರೆ ಎಂದು ಕೇಳುತ್ತೇನೆ. ಊಟಕ್ಕೆ ಕೂತರೆ ಕಣ್ಣು ಅವರ ಕುತ್ತಿಗೆಯ ಗುಂಡಿಯ ಮೇಲೆ. ಕಾಲೇಜಿಗೆ ಪಾಠ ಹೇಳಲು ಹೋದವರು ನಡುವೆ ಹೇಗಿದ್ದಾರೋ, ಮೆಟ್ಟಿಲು ಹತ್ತುವಾಗ ಯಾರಾದರೂ ನೋಡುತ್ತಾರೋ ಇಲ್ಲವೋ ಎಂದು ನನ್ನ ಕ್ಲಾಸಿನಲ್ಲಿ ಬರೆಯುತ್ತಿದ್ದ ಚಾಕ್‌ಪೀಸ್ ಹಾಗೇ ನಿಲ್ಲುತ್ತದೆ. ರಸ್ತೆ ಅಗೆದ ಧೂಳು ಕಂಡರೆ ಮೈ ಉರಿಯುತ್ತದೆ. ಒಮ್ಮೊಮ್ಮೆ ನನಗೇ ಉಸಿರು ಸಾಲದಂತಾಗುತ್ತದೆ.

ಜಗಳವನ್ನೂ ಆಡಿ ನೋಡಿದೆ. "ನನಗ ಅನಸಲಾರದ ರೋಗಕ್ಕ ಔಷಧ ಯಾಕ? ನೀ ಅಂಜಿ ನನ್ನನ್ನೂ ಅಂಜಸಬ್ಯಾಡ" ಎನ್ನುತ್ತಾರೆ. ಮೊನ್ನೆಯಂತೂ ತಟ್ಟೆಯ ಮುಂದೆ ಕೂತು, "ಬರೂದು ಬಂದ್ರ ಬರಲಿ. ಅಪ್ಪ ಹೋದಂಗ ಹೋಗ್ತೇನಿ. ಧ್ಯಾನಕ್ಕ ಕುಂತಲ್ಲೇ, ನಿವಾಂತ. ಅಂಥಾ ಸಾವು ಯಾರಿಗೆ ಸಿಗ್ತೇತಿ?" ಎಂದರು. ಆರು ವರ್ಷದಿಂದ ಪ್ರತಿ ಸ್ಮೃತಿದಿನದಲ್ಲೂ ಅವರು ಮಾವನವರ ಬಗ್ಗೆ ಇದೇ ಮಾತು ಹೇಳುತ್ತಾರೆ, ಮಂದಿ ಕಣ್ಣೊರೆಸಿಕೊಳ್ಳುತ್ತಾರೆ. ಅತ್ತೆಯವರು ಮಾತ್ರ ಅಂದು ಅರ್ಧ ರೊಟ್ಟಿಗೇ ಎದ್ದುಬಿಟ್ಟರು.

ನನ್ನ ಮಾತು ಗಾಳಿಗೆ ಹೋಯಿತು. ಚಿಕ್ಕಂದಿನಿಂದ ಅವರು ನಿಮ್ಮ ಮಾತು ಮೀರಿದವರಲ್ಲ. ಮುಂದಿನ ತಿಂಗಳು ಸ್ಮೃತಿದಿನಕ್ಕೆ ಹೇಗೂ ಬರುವವರಿದ್ದೀರಿ, ಅಲ್ಲಿಯವರೆಗೆ ಕಾಯಬೇಡಿ. ಈ ಶನಿವಾರವೇ ಬನ್ನಿ. ನಾನು ಕರೆದೆನೆಂದು ಹೇಳಬೇಡಿ, ಅವ್ವನನ್ನು ನೋಡಲು ಬಂದೆ ಎನ್ನಿ.

ಭಾವನವರಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ. ಎಲ್ಲರಿಗೂ ಮಂಗಳವಾಗಲಿ, ನಮ್ಮ ಮನೆಗೂ ಅದರಲ್ಲಿ ಒಂದು ಪಾಲಿರಲಿ.

ನಿಮ್ಮ
ಮಾಯಾ

ತಾ.ಕ.: ಇದನ್ನು ಬರೆಯಬೇಕೋ ಬೇಡವೋ ಎಂದು ಇಷ್ಟೂ ಹೊತ್ತು ತಡೆದುಕೊಂಡೆ. ಅಂದು ಊಟ ಬಿಟ್ಟು ಎದ್ದ ಅತ್ತೆಯವರು ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಹೇಳಿದರು: "ಮಾಯವ್ವಾ, ನಿಮ್ಮ ಮಾವ ಕುಂತು ಹೋಗಲಿಲ್ಲ. ಬಾಗಲದ ತನಕ ತೆವಳಿಕೊಂತ ಹೋಗಿ, ಬಾಯಿ ತಕ್ಕೊಂಡು ಬಿದ್ದಿದ್ರು. ಎಷ್ಟು ಒದ್ದಾಡಿದ್ರೋ ಏನೋ. ಮಂದಿ ಬರೂದ್ರಾಗ ನಾನೂ ಸ್ನೇಹಲೂ ಕೂಡಿ ಎತ್ತಿ ಗ್ವಾಡಿಗೆ ಆನಿಸಿ ಕುಂಡ್ರಿಸಿದ್ವಿ. ಪರಊರಾಗಿದ್ದ ಮಗಾ ಬಂದು ಅದನ್ನ ನೋಡಬಾರದು ಅಂತ." ಮಾವನವರೂ ಕೊನೆಯವರೆಗೆ ಏನಿಲ್ಲ, ಆರಾಮ ಇದ್ದೇನೆ ಎನ್ನುತ್ತಲೇ ಇದ್ದರಂತೆ. ನೀವಿಬ್ಬರೂ ಪ್ರೀತಿಯಿಂದ ಮಾಡಿದಿರಿ, ಅದರಲ್ಲಿ ತಪ್ಪು ಹುಡುಕುವವಳು ನಾನಲ್ಲ. ಆದರೆ ಅತ್ತೆಯವರಿಗೆ ಮಗನ ಮುಂದೆ ಬಾಯಿ ಬರುವುದಿಲ್ಲ. ನೀವು ಬಂದು ಹೇಳಬೇಕು, ಕಂಡದ್ದನ್ನು ಕಂಡ ಹಾಗೆ. ನನಗೆ ಗಂಡ ಬದುಕಿರಬೇಕು ಅಕ್ಕಾ. ಎಷ್ಟು ಚೆಂದ ಹೋದರು ಎಂದು ಮಂದಿಯ ಮುಂದೆ ಹೇಳುವ ಕಥೆ ನನಗೆ ಬೇಡ.