ನೀನು ಕಳಿಸಿದ ಬಾಗಿಲು

ಗುಳೇದಗುಡ್ಡ
ಮೇ ೨೦೦೦

ತಂಗಿ ದಾನಮ್ಮನಿಗೆ ಅಣ್ಣನ ಆಶೀರ್ವಾದ.

ಬಾಗಲಕೋಟೆಯ ನಿನ್ನ ಮನೆಗೆ ಅಣೆಕಟ್ಟಿನ ಹಿನ್ನೀರು ಬರುವ ಮೊದಲೇ ಇಲ್ಲಿ ನಮ್ಮ ಮಾಳಿಗೆ ಮೇಲೆ ನಿನಗೂ ಮಕ್ಕಳಿಗೂ ಒಂದು ಕೋಣೆ ಕಟ್ಟಿಸೋಣವೆಂದು ನಾನೇ ಹೇಳಿದ್ದೆ. ನಿನ್ನೆ ಗೌಂಡಿ ಮೌಲಾಸಾಬರು ಬಂದು ಮನೆ ನೋಡಿದರು. ಗೋಡೆ ಎಷ್ಟು ದಪ್ಪ ನೋಡಿರೆಂದು ನಾನು ಹೆಮ್ಮೆಯಿಂದ ತೋರಿಸಿದೆ. ಅವರು ಗೋಡೆ ಬಿಟ್ಟು ನೆಲವನ್ನು ಹಾರೆಯಿಂದ ಬಡಿಯುತ್ತ ಹೋದರು. ಕಿಟಕಿ ಇದ್ದಲ್ಲೆಲ್ಲ ಟೊಳ್ಳು ಸದ್ದು ಬಂತು.

ಮಗ್ಗಕ್ಕೆ ಬೆಳಕು ಬೇಕಲ್ಲ. ಅಜ್ಜ, ಅಪ್ಪ, ಕಾಕಾ ಎಲ್ಲರೂ ಕಾಲು ಇಳಿಬಿಟ್ಟು ನೇಯಲು ಗೋಡೆಯ ಬುಡಕ್ಕೇ ಕುಣಿ ತೋಡಿದ್ದರು. ಮಗ್ಗ ತೆಗೆದ ಮೇಲೆ ನಾವು ಅದರಲ್ಲಿ ಬೂದಿ, ಕಸ ತುಂಬಿ ಮೇಲೆ ಪರಸಿಕಲ್ಲು ಹಾಸಿದೆವು.

"ಪಾಯಾದ ಬಾಜೂಕ ಮಣ್ಣ ಇಲ್ರಿ, ಹುಚ್ಚೇಶಪ್ಪ. ಮ್ಯಾಲ ಭಾರ ಹಾಕಿದ್ರ ಗ್ವಾಡಿ ಕುಸೀತೈತಿ. ಇದ್ದಂಗ ಇರ್ಲಿ ಬಿಡ್ರಿ" ಎಂದರು ಮೌಲಾಸಾಬರು.

ಅಪ್ಪನ ಮೇಲೆ ಸಿಟ್ಟಾಗಲೂ ಆಗುವುದಿಲ್ಲ. ನಮ್ಮನ್ನು ಸಾಕಿದ್ದು ಅದೇ ಕುಣಿ.

ಕೆಳಗೆ ನಾವೇ ಕಾಲು ಮಡಚಿ ಮಲಗುವುದು ನಿನಗೆ ಗೊತ್ತಿದೆ. ಅಲ್ಲೇ ನವನಗರದಲ್ಲಿ ಎಲ್ಲಾದರೂ ಬಾಡಿಗೆ ಕೋಣೆ ನೋಡು. ಗಂಡಸರಿಲ್ಲದ ಮನೆಯೆಂದು ಯಾರಾದರೂ ಹಿಂದೆಮುಂದೆ ನೋಡಿದರೆ ತಿಳಿಸು, ನಾನು ಬಂದು ಮಾತಾಡುತ್ತೇನೆ. ನಿನ್ನ ಮನೆಯ ಕಿಟಕಿಗಳನ್ನೂ ಇಲ್ಲಿಗೆಂದು ಕೀಳಿಸಬೇಡ.

ಹೊಸ ಕೋಣೆಗೆಂದು ನೀನು ಮೊದಲೇ ಕಿತ್ತು ಕಳಿಸಿದ ಬಾಗಿಲು ಚೌಕಟ್ಟಿನ ಸಮೇತ ಪಡಸಾಲೆಯ ಗೋಡೆಗೆ ಒರಗಿ ನಿಂತಿದೆ. ಗೌಂಡಿಯ ಮಾತನ್ನು ನಾನು ಅವ್ವನಿಗೆ ಇನ್ನೂ ಹೇಳಿಲ್ಲ. ಇವತ್ತೂ ಮುಂಜಾನೆ ಆಕೆ ಆ ಚೌಕಟ್ಟಿನ ಹೊಸ್ತಿಲನ್ನು ತೊಳೆದು ಕುಂಕುಮ ಹಚ್ಚಿ, ತುಳಿಯಬೇಡಿರೆಂದು ಹುಡುಗರನ್ನು ಗದರಿದಳು.

ಇಂತಿ ನಿನ್ನ ಅಣ್ಣ,
ಹುಚ್ಚೇಶ