ತಪ್ಪು ಮರಕ್ಕೆ ಬಳಿದ ಹಳದಿ

ಮಾರ್ಚ್ ೧೪, ಗುರುವಾರ

ಮೂರು ದಿನದಿಂದ ಕೊರೆಯುತ್ತಿದ್ದ ತಪ್ಪು ಇವತ್ತು ಸರಿಹೋಯಿತು. ಕಾಡಿನ ಗಡಿ ಗುರುತಿಸುವಾಗ ಹಳದಿ ಪಟ್ಟಿಯನ್ನು ನಲವತ್ತು ಹೆಜ್ಜೆ ಒಳಗಿನ ಮರಕ್ಕೆ ಬಳಿದುಬಿಟ್ಟಿದ್ದೆ. ಪಟ್ಟಿಯವರೆಗಿನ ಮರಗಳನ್ನು ಪಕ್ಕದ ಗದ್ದೆಯ ರೈತ ಕಡಿಯಬಹುದು. ಜೀವ ಕೈಯಲ್ಲಿ ಹಿಡಿದು ಹೋದೆ.

ಒಂದು ಕೊಂಬೆಯೂ ಬಿದ್ದಿರಲಿಲ್ಲ. ರೈತ ನಕ್ಕ. "ಏನ್ ಸಾರ್, ಎಣಿಕೆ ತಪ್ಪಿತಾ?"

"ಗೊತ್ತಿದ್ದೂ ಕಡೀಲಿಲ್ವಾ?"

"ಕೊಡಲಿ ಎತ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ. ನಮ್ಮವಳು ಜಾಡಿಸಿದ್ಲು. ‘ಆ ಮರಗಳ ಬುಡದಲ್ಲೇ ನಮ್ಮ ಒರತೆ ಇರೋದು. ನಾಳೆ ಗದ್ದೆಗೆ ನಿಮ್ಮ ಬೆವರು ಹಾಯಿಸ್ತೀರಾ’ ಅಂದ್ಲು."

ಇಬ್ಬರೂ ಸೇರಿ ಹಳೆಯ ಪಟ್ಟಿ ಕೆರೆದೆವು. ಹೊಸದನ್ನು ಅವನೇ ಬಳಿದ. ಬ್ರಷ್ ನನ್ನ ಕೈಗೆ ಕೊಡಲೇ ಇಲ್ಲ.

"ನೀವು ಹೆಜ್ಜೆ ಎಣಿಸ್ಬೇಡಿ ಸಾರ್, ಸುಮ್ನೆ ಡಬ್ಬ ಹಿಡ್ಕೊಳ್ಳಿ."

ಹಿಡಿದುಕೊಂಡು ನಿಂತೆ. ಇಷ್ಟು ವರ್ಷದ ನೌಕರಿಯಲ್ಲಿ ಬೈಸಿಕೊಂಡು ಇಷ್ಟು ಖುಷಿಯಾದದ್ದು ಇದೇ ಮೊದಲು.