ನಿನ್ನ ಹೆಸರಿನಲ್ಲಿರುವ ನಂಬರು

ಗುಬ್ಬಿ
೧೮-೬-೨೦೨೫, ಬುಧವಾರ

ಚಿ. ಸೌ. ರಂಜನಿಗೆ ನಿನ್ನ ಅತ್ತೆಯ ಆಶೀರ್ವಾದ.

ಮೊದಲು ನಿನ್ನ ಆರೋಗ್ಯ ಹೇಗಿದೆ, ಅದನ್ನು ಹೇಳು. ಬೆಳಗ್ಗೆ ಬರೀ ಕಾಫಿ ಕುಡಿದು ಬ್ಯಾಂಕಿಗೆ ಓಡುವ ಚಾಳಿ ಕುಣಿಗಲ್ಲಿಗೆ ಹೋದ ಮೇಲಾದರೂ ಬಿಟ್ಟಿದ್ದೀಯೋ ಇಲ್ಲವೋ. ಜೂನ್ ಬಂತೆಂದರೆ ನಿನಗೆ ಸೀನು ಹಿಡಿಯುತ್ತದೆ. ಮೆಣಸು ಜೀರಿಗೆ ಕುಟ್ಟಿ ಕಷಾಯ ಮಾಡಿಕೊಂಡು ಕುಡಿ, ಮಗುವಿಗೂ ಎರಡು ಚಮಚ ಕೊಡು. ಇಲ್ಲಿ ನನ್ನ ಮಂಡಿ ನೋವು ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಕಿಟ್ಟುವಿಗೆ ಈ ತಿಂಗಳು ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್. ಬೇಗ ಊಟ ಮಾಡಿ, ಎರಡು ಗಂಟೆಗೆ ಬಿದರೆಹಳ್ಳಿ ಕಾವಲಿನ ಬಸ್ಸು ಹತ್ತುತ್ತಾನೆ. ಅಣ್ಣ ವಾದಿರಾಜ ಹೋದ ಮೇಲೆ ಅವನಿಗೆ ಮಾತು ಕಡಿಮೆಯಾಗಿತ್ತು, ಈಗ ಮತ್ತೆ ನನ್ನನ್ನು ರೇಗಿಸುವಷ್ಟು ಆಗಿದ್ದಾನೆ.

ಮೇಲೆ ‘ಚಿ. ಸೌ.’ ಎಂದು ಬರೆಯುವ ಮೊದಲು ತುಂಬ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ವಾದಿರಾಜ ಹೋಗಿ ಐದು ವರ್ಷವಾಯಿತು. ಅವನು ಹೋದ ಮೇಲೆ ನಿನ್ನ ಹೆಸರಿನ ಹಿಂದೆ ‘ಸೌ.’ ಬರೆಯುವ ಪ್ರಸಂಗವೇ ಬಂದಿರಲಿಲ್ಲ. ನೀನು ಮತ್ತೆ ಮದುವೆಯಾಗಿ ಒಂದೂವರೆ ವರ್ಷವಾದರೂ ನಾನು ಒಂದು ಕಾಗದ ಬರೆಯಲಿಲ್ಲ, ಬರೆದಿದ್ದರೆ ಅದನ್ನೂ ಬರೆಯಬೇಕಾಗಿತ್ತಲ್ಲ. ಇವತ್ತು ಬರೆದೆ. ಅದರ ಬಗ್ಗೆ ಇಷ್ಟೇ ಸಾಕು.

ಫೋನಿನಲ್ಲಿ ಹೇಳಬಹುದಾದದ್ದನ್ನು ಯಾಕೆ ಬರೆಯುತ್ತಿದ್ದಾರೆ ಅಂದುಕೊಳ್ಳುತ್ತೀ. ಮೊನ್ನೆ ಕಿಟ್ಟು ತನ್ನ ಫೋನನ್ನು ನನ್ನ ಕೈಗೆ ತುರುಕಿ, “ತಗೊಳಮ್ಮ, ರಿಂಗ್ ಆಗ್ತಿದೆ, ಅತ್ತಿಗೆ ಹತ್ರ ನೀನೇ ಮಾತಾಡು” ಅಂದ. ನಾನೇ ಕಟ್ ಮಾಡಿದೆ. ಫೋನಿನಲ್ಲಿ ನಾನು ಬಾಯಿ ಬಿಟ್ಟರೆ ಜೋರು ಮಾಡಿದಂತೆಯೇ ಇರುತ್ತದೆ, ಅದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಬರೆಯುವಾಗ ತಪ್ಪಿದರೆ ಹೊಡೆದುಹಾಕಿ ಮತ್ತೆ ಬರೆಯಬಹುದು.

ವಿಷಯ ಟ್ಯಾಬಿನದು. ಮೂರು ವರ್ಷದ ಹಿಂದೆ ನಿನಗೆ ಕುಣಿಗಲ್ಲಿಗೆ ವರ್ಗವಾದಾಗ, “ಅನನ್ಯಾನ ದಿನಾ ನೋಡ್ಬಹುದು ಅತ್ತೆ” ಅಂತ ಸಿಮ್ಮು ಹಾಕಿಸಿ ತಂದುಕೊಟ್ಟೆಯಲ್ಲ, ಅದರ ಬ್ಯಾಟರಿ ಪೂರಿ ಥರ ಉಬ್ಬಿ ಹಿಂದಿನ ಮುಚ್ಚಳವೇ ಬಿಟ್ಟುಕೊಂಡಿತು. ಕಿಟ್ಟು ಹೊಸದು ತಂದ. ಇದರಲ್ಲಿ ಸಿಮ್ಮು ಹಾಕುವ ಜಾಗವೇ ಇಲ್ಲ. ಹಳೆಯದರಿಂದ ಒಂದು ಮೆಸೇಜು ಕಳಿಸಿದರೆ ಕಂಪನಿಯವರು ಒಂದು ಕೋಡು ಕೊಡುತ್ತಾರಂತೆ, ಅದನ್ನು ಹೊಸದಕ್ಕೆ ತೋರಿಸಿದರೆ ನಂಬರು ತಾನಾಗಿ ಬಂದು ಕೂರುತ್ತದಂತೆ. ಹೋದ ಗುರುವಾರ ಅವನು ಹಾಗೇ ಮೆಸೇಜು ಕಳಿಸಿದ. ಕೋಡು ಬಂದದ್ದು ಒಂದು ನಲವತ್ತಕ್ಕೆ. ಗುರುವಾರ ಒಂದೂವರೆಯಿಂದ ಮೂರು ರಾಹುಕಾಲ. ನಾನು ಬೇಡ ಅಂದೆ. “ಅಮ್ಮ, ಇದು ಸ್ವಲ್ಪ ಹೊತ್ತಷ್ಟೇ ಇರೋದು, ಈಗ್ಲೇ ಮಾಡ್ಬೇಕು” ಅಂದ. ಈ ಮನೆಯಲ್ಲಿ ಹೊಸ ಸಾಮಾನು ಯಾವತ್ತಾದರೂ ರಾಹುಕಾಲದಲ್ಲಿ ಶುರುವಾಗಿದೆಯೇನೋ ಎಂದು ಗದರಿದೆ. ಹೇಗೆ ಮಾಡಬೇಕೆಂದು ತೋರಿಸಿಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ಓಡಿದ. ಮೂರು ಗಂಟೆ ಹೊಡೆದ ಮೇಲೆ ದೇವರ ಮುಂದೆ ದೀಪ ಹಚ್ಚಿ, ಕನ್ನಡಕ ಹಾಕಿಕೊಂಡು, ಅವನು ಹೇಳಿದ ಹಾಗೇ ಒತ್ತಿದೆ. ಕೋಡಿನ ಅವಧಿ ಮುಗಿದಿತ್ತು. ಅಷ್ಟರಲ್ಲಿ ಹಳೆಯ ಸಿಮ್ಮೂ ಸತ್ತಿತ್ತು. ಅದರಲ್ಲಿ ಇಲ್ಲ, ಇದರಲ್ಲಿ ಬರಲಿಲ್ಲ. ಕಿಟ್ಟು ಬಂದವನು ನಕ್ಕು, “ಕಂಪ್ನಿ ಕಂಪ್ಯೂಟರ್‌ಗೆ ಪಂಚಾಂಗ ಗೊತ್ತಿಲ್ಲ ಕಣಮ್ಮ” ಅಂದ. ತಪ್ಪು ನನ್ನದೇ. ಇದನ್ನು ಅವನೆದುರು ಒಪ್ಪಿಕೊಂಡಿಲ್ಲ, ನೀನೂ ಹೇಳಬೇಡ.

ಹೊಸ ನಂಬರ್ ತಗೊಂಡರೆ ಆಯಿತಲ್ಲ ಅನ್ನುತ್ತಾನೆ. ಅದು ಆಗುವುದಿಲ್ಲ. ಅನನ್ಯಾಗೆ ಆರು ವರ್ಷವಿದ್ದಾಗ ಆ ಹತ್ತು ಅಂಕಿಗಳನ್ನು ಮಗ್ಗಿಯ ರಾಗದಲ್ಲಿ ಹೇಳಿಸಿ ಹೇಳಿಸಿ ಕಲಿಸಿದವಳು ನಾನು. ಎಲ್ಲಾದರೂ ಕೈ ತಪ್ಪಿದರೆ ಯಾರಿಗಾದರೂ ಈ ನಂಬರು ಹೇಳು, ಅಜ್ಜಿ ಬರುತ್ತೇನೆ ಅಂದಿದ್ದೆ. ಈಗಲೂ ಸಂಜೆ ಏಳಕ್ಕೆ ನಿನ್ನ ಫೋನಿನಲ್ಲಿ ಹೆಸರು ಹುಡುಕದೆ ಅಂಕಿ ಒತ್ತಿಯೇ ಕರೆಯುತ್ತಾಳಂತೆ. ಅವಳು ಮಗ್ಗಿ ಹೇಳುವುದು, ನಾನು ತಪ್ಪು ಹಿಡಿಯುವುದು, ಅದು ನಮ್ಮಿಬ್ಬರ ಸಂಧ್ಯಾವಂದನೆ. ನೀನು ಫೋನನ್ನು ಒರಗಿಸಿಟ್ಟು ಸರಿದುಹೋಗುತ್ತೀ, ನಿನ್ನ ಬಳೆಯ ಸದ್ದು ಮಾತ್ರ ಕೇಳುತ್ತದೆ. ನಿನ್ನ ಮನೆಯ ಹಸಿರು ಕರ್ಟನ್ನು, ಅದರ ಪಕ್ಕದ ಕ್ಯಾಲೆಂಡರು ನನಗೆ ಕಂಠಪಾಠ. ಕಡೆಯ ಸಲ ಹದಿಮೂರರ ಮಗ್ಗಿಯಲ್ಲಿ ಎರಡು ಸಲ ತಪ್ಪಿದಳು. ಕಲಿತು ಬರುವವರೆಗೆ ಮುಖ ತೋರಿಸಬೇಡ ಅಂದುಬಿಟ್ಟೆ. ಮಾರನೆಯ ದಿನವೇ ಈ ನಂಬರು ಸತ್ತದ್ದು. ಭಾನುವಾರ ಕಿಟ್ಟು ಹೊರಗೆ ಹೋಗಿದ್ದಾಗ ಅವನಿಗೆ ಫೋನು ಮಾಡಿ, “ಚಿಕ್ಕಪ್ಪ, ಅಜ್ಜಿಗೆ ಕೋಪಾನಾ? ಹದಿಮೂರರದ್ದು ಈಗ ಬರತ್ತೆ ಅಂತ ಹೇಳು” ಅಂದಳಂತೆ. ಟ್ಯಾಬ್ ಕೆಟ್ಟಿದೆ ಎಂದರೆ ನಂಬಲಿಲ್ಲವಂತೆ. ಆವತ್ತು ರಾತ್ರಿ ನನಗೆ ಊಟ ಸೇರಲಿಲ್ಲ ರಂಜನಿ.

ಸೋಮವಾರ ಒಬ್ಬಳೇ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಕಂಪನಿಯ ಅಂಗಡಿಯಲ್ಲಿ ಕೂತೆ. ಕೃತಿಕಾ ಅಂತ ಒಬ್ಬ ಹುಡುಗಿ, ಮಾತು ಚುರುಕು. ಕಂಪ್ಯೂಟರ್ ನೋಡಿ, “ಅಜ್ಜಿ, ಇದು ನಿಮ್ಮ ಹೆಸರಲ್ಲಿಲ್ಲ. ರಂಜನಿ ಅಂತಿದೆ. ಅವ್ರು ನಿಮ್ಗೆ ಏನಾಗ್ಬೇಕು?” ಅಂದಳು. ಈಗ ಏನೆಂದು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಬಾಯಿ ‘ಸೊಸೆ’ ಅಂದುಬಿಟ್ಟಿತ್ತು. “ಹಂಗಾದ್ರೆ ಕರ್ಕೊಂಡ್ ಬನ್ನಿ. ಆಧಾರ್ ತಂದು ಬೆರಳು ಒತ್ತಿದ್ರೆ ಆಯ್ತು, ಐದು ನಿಮಿಷದ ಕೆಲ್ಸ” ಅಂದಳು. ನನಗೆ ನಂಬಿಕೆ ಬರಲೆಂದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನಿನ್ನ ಹೆಸರಿನ ಕೆಳಗೆ ನಮ್ಮ ಮನೆಯ ವಿಳಾಸ, ಅದರ ಮೇಲೆ ‘ಕೇರಾಫ್ ಅಲಮೇಲಮ್ಮ’ ಎಂದಿತ್ತು. ವಾದಿರಾಜ ಹೋದ ಮೇಲೆ ನೀನು ಆಧಾರ್ ತಿದ್ದಿಸಿದ್ದು ಗೊತ್ತಿತ್ತು, ಹೀಗೆ ಬರೆಸಿದ್ದು ಗೊತ್ತಿರಲಿಲ್ಲ. ತವರಿನ ಹೆಸರು ಕೊಡಬಹುದಾಗಿತ್ತು, ನೀನು ನನ್ನ ಹೆಸರು ಕೊಟ್ಟಿದ್ದೆ. ರವೀಶ್‌ನನ್ನು ಮದುವೆಯಾಗುತ್ತೇನೆ ಅಂತ ನೀನೇ ಬಂದು ನನ್ನ ಮುಂದೆ ನಿಂತು ಹೇಳಿದ ದಿನ, ನಾನು ‘ನೋಡೋಣ’ ಅಂದು ಎದ್ದು ಒಳಗೆ ಹೋದೆ. ನೀನು ಕಾಫಿ ಲೋಟ ತೊಳೆದಿಟ್ಟು ಹೋದೆ. ಆ ‘ನೋಡೋಣ’ ಇನ್ನೂ ಮುಗಿದಿರಲಿಲ್ಲ.

ಇಪ್ಪತ್ತೆಂಟು ನಾಲ್ಕನೇ ಶನಿವಾರ, ನಿಮ್ಮ ಬ್ಯಾಂಕಿಗೆ ರಜೆ. ಆಧಾರ್ ತೆಗೆದುಕೊಂಡು ತುಮಕೂರಿಗೆ ಬಾ. ನಾನು ಹತ್ತು ಗಂಟೆಗೇ ಬಸ್ ಸ್ಟ್ಯಾಂಡಿನಲ್ಲಿರುತ್ತೇನೆ. ಶನಿವಾರ ಹತ್ತೂವರೆಯವರೆಗೆ ರಾಹುಕಾಲ ಎಂದು ನಿನಗೂ ಗೊತ್ತು. ಪರವಾಗಿಲ್ಲ, ಬಾ. ಅನನ್ಯಾಗೆ ಒಂದು ದಿನ ಸ್ಕೂಲು ತಪ್ಪಿಸಿ ಕರೆದುಕೊಂಡು ಬಾ. ಹದಿಮೂರರ ಮಗ್ಗಿಯನ್ನು ನಾನು ಕೇಳುವುದಿಲ್ಲ, ಅವಳಾಗಿ ಹೇಳಿದರೆ ಹೇಳಲಿ. ಅಜ್ಜಿಗೆ ಕೋಪವಿಲ್ಲ ಎಂದು ಇವತ್ತೇ ಹೇಳು.

ಮಗುವಿಗೂ ನಿನಗೂ ದೇವರು ಆಯುಸ್ಸು ಆರೋಗ್ಯ ಕೊಡಲಿ. ಹೊತ್ತಿಗೆ ಸರಿಯಾಗಿ ತಿನ್ನು.

ನಿನ್ನ ಅತ್ತೆ,
ಅಲಮೇಲಮ್ಮ

ತಾ.ಕ.: ಅಂಟಿಸುವ ಮೊದಲು ಕವರನ್ನು ಮತ್ತೆ ಬಿಚ್ಚಿದೆ. ನಂಬರನ್ನು ನನ್ನ ಹೆಸರಿಗೆ ಮಾಡಿಸಿಕೊಂಡರೆ ಮುಂದೆ ನಿನ್ನನ್ನು ಕೇಳುವ ತಾಪತ್ರಯ ಇರುವುದಿಲ್ಲ ಎಂದು ಆ ಹುಡುಗಿ ಒಂದು ಫಾರಂ ಕೊಟ್ಟಿದ್ದಳು. ನೀನು ಸೈನು ಹಾಕಲೆಂದು ಒಳಗೆ ಇಟ್ಟಿದ್ದೆ, ಈಗ ತೆಗೆದುಬಿಟ್ಟೆ. ನಂಬರು ನಿನ್ನ ಹೆಸರಿನಲ್ಲೇ ಇರಲಿ. ಇನ್ನೊಂದು ಮಾತು. ಅನನ್ಯಾ ಮಗ್ಗಿ ಹೇಳುವಾಗ ಅವಳ ಹಿಂದೆ ರವೀಶ್ ನನಗೆ ಕಾಣಬಾರದೆಂದು ಬೆನ್ನು ಬಗ್ಗಿಸಿಕೊಂಡು ಅಡುಗೆಮನೆಗೆ ದಾಟುವುದನ್ನು ಒಂದೂವರೆ ವರ್ಷದಿಂದ ನೋಡುತ್ತಿದ್ದೇನೆ. ತಲೆಗೂದಲು ಕಂಡೇ ಕಾಣುತ್ತದೆ. ಹೊಸ ಟ್ಯಾಬಿನ ಪರದೆ ಇನ್ನೂ ದೊಡ್ಡದು. ಶನಿವಾರ ಅವನೂ ಬರಲಿ. ಮತ್ತೆ, ಅವನ ಮನೆಯಲ್ಲಿ ಅವನು ನೆಟ್ಟಗೆ ನಡೆಯಲಿ ಎಂದು ನಾನು ಹೇಳಿದೆ ಅನ್ನು.